ಕಾಲು ತಾಗಿದ ಮೇಲೆ

ಅನ್ನಪೂರ್ಣಾಳ ಕಾಲು ಗಂಡನ ಕಾಲಿಗೆ ತಾಗಿತು. ಕುಣಿಯುತ್ತಿದ್ದವಳು ಥಟ್ಟನೆ ಕೈ ಬಿಡಿಸಿಕೊಂಡು ಬಗ್ಗಿದಳು. ಉಳವಪ್ಪನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳ ಹಿಂದೆಯೇ ಹೆಜ್ಜೆ ಹಾಕುತ್ತಿದ್ದ ಮುದುಕಿ ಸತ್ತೆವ್ವ ಬಗ್ಗಿದ ಬೆನ್ನಿಗೆ ಎಡವಿ, ತನಗೆ ಜೋಡಿಯಾಗಿದ್ದ ಸೊಸೆಯನ್ನೂ ಎಳೆದುಕೊಂಡು ಗೋಡೆಗೆ ಹೋಗಿ ಒರಗಿದಳು.

"ಅಕ್ಕಾರ, ಮತ್ತ ಬಗ್ಗಿದ್ರಿ?" ಕಲಿಸುತ್ತಿದ್ದ ಸ್ವಪ್ನಾ ಹಾಡು ನಿಲ್ಲಿಸಿ ನಕ್ಕಳು. "ಸಾಲ್ಸಾದಾಗ ಕಾಲು ತಾಗೂದ ರೀ. ತಾಗಿದಾಗೊಮ್ಮೆ ನಮಸ್ಕಾರ ಮಾಡಕೋತ ಹೋದ್ರ ಹಾಡು ಮುಗಿದು ಮಂದಿ ಮನಿಗೆ ಹೋಗಿರ್ತಾರ."

"ನಾ ಏನ್ ಮಾಡ್ಲಿ ತಂಗಿ? ಕೈ ತಾನ ಹೋಗ್ತೈತಿ."

ದಾಂಡೇಲಿಯ ಕಾಗದದ ಮಿಲ್ಲಿನ ಕ್ವಾರ್ಟರ್ಸಿನ ಹಿಂದೆ ಮಹಿಳಾ ಸಂಘದ ಹಾಲ್. ಗೋಡೆಯ ಮೇಲೆ ಬಸವಣ್ಣನ ಫೋಟೋ ಇದ್ದುದರಿಂದ ಚಪ್ಪಲಿಗಳೆಲ್ಲ ಬಾಗಿಲಾಚೆ, ಕುಣಿತವೆಲ್ಲ ಬರಿಗಾಲಿನಲ್ಲಿ. ಗೋವಾದ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಈ ಜೋಡಿ ಕುಣಿತ ಕಲಿತಿದ್ದ ಸ್ವಪ್ನಾ, ಊರಿಗೆ ಮರಳಿದ ಮೇಲೆ ಭಾನುವಾರ ಮಧ್ಯಾಹ್ನ ಇಲ್ಲಿ ಕಲಿಸುತ್ತಿದ್ದಳು.

ಉಳವಪ್ಪ ಮಾತ್ರ ಕುಣಿಯಲು ಬಂದವನಲ್ಲ, ಜೇಬು ಕಾಯಲು ಬಂದವನು. ಹೋದ ವರ್ಷ ಹುಬ್ಬಳ್ಳಿಯಲ್ಲಿ ಪುಕ್ಕಟೆ ಕುಣಿತ ಕಲಿಸುತ್ತೇವೆಂದು ಕರೆದವರು ತಣ್ಣೀರು ಕೊಟ್ಟು, ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ವರ್ಷದ ಪ್ಯಾಕೇಜ್ ಕೊಳ್ಳದೆ ಗಂಡ ಹೆಂಡಿರನ್ನು ಏಳಗೊಟ್ಟಿರಲಿಲ್ಲ. ಒಲಿ ಮ್ಯಾಲ ಹಾಲಿಟ್ಟು ಬಂದೇವಿ, ಉಕ್ಕತೈತಿ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡು ಬಂದಿದ್ದರು. 'ಸರ್, ಇವತ್ತ ಕಡೀ ದಿನ' ಎಂದು ಅಲ್ಲಿಂದ ಇವತ್ತಿಗೂ ಫೋನು ಬರುತ್ತಿತ್ತು. ಹಾಗಾಗಿ ಮನೆಯಿಂದ ಹೊರಡುವಾಗಲೇ ಅವನು ಕರಾರು ಹಾಕಿದ್ದ: "ಪ್ಯಾಕೇಜ್ ಅಂತ ಬಾಯಿ ಬಿಟ್ರ ಸಾಕು, ಅಲ್ಲಿಂದಾನ ಮನಿಗೆ. ಮತ್ತ ನೀ ಕುಣಿತದ ಮಾತ ಎತ್ತಬಾರದು."

ಅನ್ನಪೂರ್ಣಾ ಹೂಂ ಎಂದಿದ್ದಳು. ಮಕ್ಕಳನ್ನು ಬೆಳೆಸಿದ್ದಾಯಿತು, ಮನೆ ಕಟ್ಟಿದ್ದಾಯಿತು. ಇಬ್ಬರೂ ಕೂಡಿ ಮಾಡಿದ್ದೆಲ್ಲ ಕೆಲಸವೇ. ಕೆಲಸವಲ್ಲದ್ದು ಒಂದನ್ನಾದರೂ ಕೂಡಿ ಮಾಡಬೇಕೆಂಬುದು ಅವಳ ಆಸೆ. ಆದರೆ ಗಂಡ ಕೈ ಹಿಡಿದಿದ್ದರೂ ಕಣ್ಣು ಸ್ವಪ್ನಾಳ ಮೇಲಿತ್ತು. ಹಾಗಾಗಿಯೇ ಅವನು ಮುಂದೆ ಬರಬೇಕಾದಲ್ಲಿ ನಿಲ್ಲುತ್ತಿದ್ದ, ಇವಳು ಮುಗ್ಗರಿಸುತ್ತಿದ್ದಳು.

ನೀರು ಕುಡಿಯಲು ಬಿಟ್ಟಾಗ ಸ್ವಪ್ನಾ ಇವರತ್ತಲೇ ಬಂದಳು. "ಪ್ಯಾಕೇಜಿನ ಮಾತ ತಗೀತಾಳ ನೋಡೀಗ," ಎಂದು ಗಂಡ ಪಿಸುಗುಟ್ಟಿದ.

"ಏನ್ರಿ ತಂಗಿ, ಮುಂದಿನ ರೇಟ ಹೆಂಗ?" ಅವನೇ ಕೆಣಕಿದ.

"ಮುಂದಿಂದು ಏನಿಲ್ರಿ ಅಣ್ಣಾರ. ಬಂದ ದಿನ ಆ ಬಾಗಿಲ ಬಾಜೂಕಿನ ಡಬ್ಬಿಯೊಳಗ ಚಾದ ರೊಕ್ಕ ಹಾಕ್ರಿ. ಬರದಿದ್ರ ಅದೂ ಇಲ್ಲ."

"ನಂಬರ ಬರಕೋತೀರೇನು?"

"ಬ್ಯಾಡ್ರಿ. ಕುಣಿಯೂ ಮನಸಾದವ್ರು ತಾವ ಬರ್ತಾರ. ಫೋನ್ ಮಾಡಿ ಕರ್ಯಾಕ ಇದೇನ್ ಮದಿವಿ ಊಟೇನ್ರಿ?" ಎಂದು ಅವಳು ಸತ್ತೆವ್ವನ ಸೊಂಟದ ನೋವು ವಿಚಾರಿಸಲು ಹೋದಳು.

ಉಳವಪ್ಪ ಡಬ್ಬಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಕಾಯುವುದಕ್ಕೆ ಏನೂ ಉಳಿದಿರಲಿಲ್ಲ. ಇನ್ನು ಮನೆಗೆ ಹೋಗೂಣು ಎನ್ನುತ್ತಾನೆಂದು ಅನ್ನಪೂರ್ಣಾ ಸೆರಗು ಸರಿಮಾಡಿಕೊಂಡಳು.

"ಹಂಗ್ಯಾಕ ನಿಂತಿ?" ಅವನು ಕೈ ಚಾಚಿದ. "ಹಾಡು ಹಚ್ಚಿದ್ರು, ಬಾ."

ಈ ಸಲ ಅವನ ಕಣ್ಣು ಅವಳ ಮೇಲಿತ್ತು. ಅವನು ಮುಂದೆ ಬಂದಂತೆ ಅವಳು ಹಿಂದೆ ಸರಿದಳು, ಅವಳು ಮುಂದೆ ಬಂದಂತೆ ಅವನು. ಏಣಿ ಹಿಡಿಯುವವರ ಹಾಗೆ ಬಿಗಿದಿದ್ದ ಅವನ ಕೈ ಮೆತ್ತಗಾಗುತ್ತ ಬಂತು. ಅಷ್ಟರಲ್ಲಿ ಹುರುಪಿನಲ್ಲಿ ಅವನಿಟ್ಟ ಹೆಜ್ಜೆ ನೇರವಾಗಿ ಅವಳ ಪಾದದ ಮೇಲೆ ಬಿತ್ತು.

ಉಳವಪ್ಪ ನಿಂತ. ಕೈ ಬಿಟ್ಟ. ಆಮೇಲೆ ಮೊಣಕಾಲ ಮೇಲೆ ಒಂದು ಕೈ ಊರಿ ನಿಧಾನಕ್ಕೆ ಬಗ್ಗಿ, ಹೆಂಡತಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಅಯ್ಯ ಶಿವನ! ಏಳ್ರಿ, ಮಂದಿ ನೋಡಾಕತ್ತಾರ."

"ನೋಡ್ಲಿ. ತುಳದವ ನಾನು."

ಬಗ್ಗಬ್ಯಾಡ್ರಿ ಎನ್ನಲು ಬಾಯಿ ತೆರೆದಿದ್ದ ಸ್ವಪ್ನಾ ಅದನ್ನು ಬಿಟ್ಟು, ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದಳು. ಜೋಡಿಗಳೆಲ್ಲ ಮತ್ತೆ ಕೈ ಹಿಡಿದವು. ಸತ್ತೆವ್ವ ಮಾತ್ರ ಇನ್ನೂ ಹೆಜ್ಜೆ ಎತ್ತಿರಲಿಲ್ಲ. ಮಧ್ಯಾಹ್ನದಿಂದ ತಾನು ತುಳಿಯುತ್ತ ಬಂದಿದ್ದ ಸೊಸೆಯ ಕಾಲನ್ನೇ ನೋಡುತ್ತ ನಿಂತಿದ್ದಳು.