ಬೆರಳ ತುದಿಯ ನೀಲಿ

ಸಾವಿಗೆ ಬಂದಿದ್ದವರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ, ಮಹಡಿಯ ಮೇಲಿನ ಮನೆಯೊಡತಿ ಒಂದು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಟ್ಟಲಲ್ಲಿ ಸಣ್ಣಗೆ ಹೆಚ್ಚಿದ ಕ್ಯಾರೆಟ್, ಸೌತೆಕಾಯಿ, ಮೇಲೊಂದಿಷ್ಟು ಸೊಪ್ಪು.

"ನಿನಗಲ್ಲ ಕಣಮ್ಮ. ನಿಮ್ಮನೆ ಇಲಿಗಳಿಗೆ."

ಆ ಎರಡು ಇಲಿಗಳನ್ನು ಓಡಿಸಿ ಎಂದು ಒಂದೂವರೆ ವರ್ಷದಿಂದ ಜಗಳವಾಡುತ್ತಿದ್ದವರು ಇವರೇ. ಅವಳು ಏನೂ ಕೇಳದೆ ಬಟ್ಟಲು ತೆಗೆದುಕೊಂಡಳು. ಗಂಡ ಸತ್ತ ಒಂಬತ್ತು ದಿನದಿಂದ ಯಾರು ಏನು ಕೊಟ್ಟರೂ ತೆಗೆದುಕೊಳ್ಳುತ್ತಿದ್ದಳು: ಚಹಾ, ಸಹಿ ಹಾಕಬೇಕಾದ ಕಾಗದ, ಸಮಾಧಾನ. 'ಒಂದು ಸಲ ಅತ್ತುಬಿಡು, ಒಳಗೆ ಇಟ್ಕೋಬೇಡ' ಎಂದು ಬಂದವರೆಲ್ಲ ಹೇಳಿ ಹೋಗಿದ್ದರು.

ಇಲಿಗೂಡು ಅಡುಗೆಮನೆಯ ಕಿಟಕಿಯ ಕೆಳಗಿತ್ತು. ಗಂಡ ದಿನಾ ಬೆಳಿಗ್ಗೆ ಆರೂವರೆಗೆ ಮಣೆ, ಚಾಕು ಇಟ್ಟುಕೊಂಡು ಅವಕ್ಕೆ ತರಕಾರಿ ಹೆಚ್ಚುತ್ತಿದ್ದ. ಅಂಗಡಿಯ ಪೊಟ್ಟಣದ ಆಹಾರ ಬೇಡ, ನಿನ್ನೆಯದು ಬೇಡ, ಉಪ್ಪು ಸೋಕಿಸಲೇಬಾರದು. ಈ ಒಂಬತ್ತು ದಿನ ಅವಳು ಹಾಕಿದ್ದು ಡಬ್ಬಿಯಲ್ಲಿದ್ದ ಒಣ ಗೋಧಿ. ಈಗ ಬಟ್ಟಲು ಒಳಗಿಟ್ಟದ್ದೇ ತಡ, ಎರಡೂ ತಂತಿಯ ಏಣಿ ಇಳಿದು ಬಂದವು. ಸಣ್ಣದು ಗುಮಾಸ್ತ, ದಪ್ಪನೆಯದು ಸಾಹೇಬ; ಗಂಡ ಇಟ್ಟ ಹೆಸರು. ಗುಮಾಸ್ತ ಎಂದಿನಂತೆ ದೂರದಿಂದ ಮೂಸಿ ನೋಡಿದ. ಸಾಹೇಬ ಎರಡು ಕೈಯಲ್ಲೂ ಕ್ಯಾರೆಟ್ ಚೂರು ಹಿಡಿದು ಕೂತ.

ಒಳ್ಳೆಯದಾಯಿತು ಆಂಟಿ ಎನ್ನಲು ತಿರುಗಿದಳು. ಹಿಂದೆಯೇ ಒಳಗೆ ಬಂದಿದ್ದ ಮನೆಯೊಡತಿ ಟವೆಲಿನಲ್ಲಿ ಬಲಗೈ ತಿಕ್ಕಿಕೊಳ್ಳುತ್ತಿದ್ದರು. ಹೆಬ್ಬೆರಳ ತುದಿ, ತೋರುಬೆರಳ ತುದಿ ನೀಲಿಯಾಗಿದ್ದವು. ಯಾವ ತರಕಾರಿಯಲ್ಲೂ ಇಲ್ಲದ ನೀಲಿ. ಮೂಲೆಯಂಗಡಿಯಲ್ಲಿ ಸೋಪಿನ ಪಕ್ಕದಲ್ಲಿರುತ್ತದೆ. ಪೊಟ್ಟಣದ ಮೇಲೆ ಅಂಗಾತ ಬಿದ್ದ ಇಲಿಯ ಚಿತ್ರ.

ಅವಳ ಕೈ ಗೂಡಿನೊಳಗೆ ನುಗ್ಗಿತು. ಸಾಹೇಬ ಚೂರು ಬಿಡಲಿಲ್ಲ. ಎಳೆದಳು. ಅವನು ಅವಳ ಬೆರಳು ಕಚ್ಚಿದ. ಚೂರು ರಕ್ತದ ಜೊತೆ ಕೈಗೆ ಬಂತು. ಅದರ ಅಂಚಿನಲ್ಲಿ ಆಗಲೇ ಎರಡು ಹಲ್ಲಿನ ಗುರುತು.

"ಏನು ಹಾಕಿದ್ದೀರಿ ಇದಕ್ಕೆ?"

"ಏನೂ ಇಲ್ಲ."

"ಕೈ ತೋರಿಸಿ."

ಮನೆಯೊಡತಿ ಮುಷ್ಟಿ ಬಿಗಿದರು.

"ಆಂಟಿ, ಇಲಿಗೆ ವಾಂತಿ ಮಾಡೋಕೆ ಬರಲ್ಲ. ಒಳಗೆ ಹೋದದ್ದು ಹೊರಗೆ ಬರೋದೇ ಇಲ್ಲ. ಅದಕ್ಕೇ ಅವರು ಒಂದೊಂದು ಚೂರೂ ಮೂಸಿ ಹಾಕ್ತಿದ್ರು. ನಿಜ ಹೇಳಿ, ನಾನು ಡಾಕ್ಟರ ಹತ್ರ ಓಡಬೇಕು!" ಒಂಬತ್ತು ದಿನದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು.

"ಗೊತ್ತು ಕಣೇ. ನಿನ್ನ ಗಂಡ ನನ್ನನ್ನ ಮೆಟ್ಟಿಲ ಮೇಲೆ ನಿಲ್ಲಿಸ್ಕೊಂಡು ಇದೇ ಪಾಠ ಮಾಡಿದ್ದ. ಪರೀಕ್ಷೆಗೆ ಓದೋ ಹಾಗೆ ಇಲಿ ಓದಿದ್ದ, ಪುಣ್ಯಾತ್ಮ."

ಅವರು ಅವಳ ಕೈಯಿಂದ ಚೂರು ತೆಗೆದುಕೊಂಡರು. ಇಲಿ ಓಡಾಡಿತೆಂದು ಮೆಟ್ಟಿಲಿಗೆ ಫಿನಾಯಿಲ್ ಸುರಿಯುತ್ತಿದ್ದವರು, ಹಲ್ಲಿನ ಗುರುತಿದ್ದ ಆ ಚೂರನ್ನು ಬಾಯಿಗೆ ಹಾಕಿಕೊಂಡರು. ಅಗಿದರು. ನುಂಗಿದರು. ಮಾತ್ರೆ ನುಂಗಿದ ಮಗುವಿನಂತೆ ಬಾಯಿ ತೆರೆದು ತೋರಿಸಿದರು.

"ಪೊಟ್ಟಣ ತಂದಿದ್ದು ನಿಜ. ಸಾಕಿದೋನೇ ಹೋದ, ಇನ್ನು ಇವು ಯಾಕೆ ಅಂತ. ಬೆಳಿಗ್ಗೆ ಬಿಚ್ಚಿದೆ. ತರಕಾರಿಗೆ ಕಲಸಿದ್ದೂ ಆಯ್ತು."

"ಆಮೇಲೆ?"

"ಇವತ್ತೂ ಇಲ್ಲಿಂದ ಹೆಚ್ಚೋ ಸದ್ದು ಬರಲಿಲ್ಲ. ಒಂದೂವರೆ ವರ್ಷ ಆ ಟಕಟಕಕ್ಕೆ ಬೈಕೊಂಡೇ ಎದ್ದಿದ್ದೀನಿ. ಈಗ ಬೆಳಗಾದದ್ದೇ ಗೊತ್ತಾಗ್ತಿಲ್ಲ ನನಗೆ. ಎಲ್ಲಾ ತಗೊಂಡು ಹೋಗಿ ಆಳವಾಗಿ ಹೂತುಬಂದೆ. ಬೇರೆ ಮಣೆ, ಬೇರೆ ಚಾಕು ಇಟ್ಕೊಂಡು ಹೊಸದಾಗಿ ಹೆಚ್ಚಿದೆ. ಬಣ್ಣ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ, ಹಾಳಾದ್ದು."

ಅವಳು ಬಟ್ಟಲನ್ನು ಗೂಡಿನಿಂದ ತೆಗೆದು ಕಸದ ಬುಟ್ಟಿಗೆ ಬಗ್ಗಿಸಿದಳು. ಮನೆಯೊಡತಿ ಬೇಡ ಅನ್ನಲಿಲ್ಲ. ಸಾಹೇಬ, ಗುಮಾಸ್ತ ಇಬ್ಬರೂ ಮುನಿಸಿಕೊಂಡವರಂತೆ ಮೇಲೆ ಹತ್ತಿ ಹೋದರು.

ಕಚ್ಚಿದ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು, ಬಟ್ಟೆ ಸುತ್ತಿದಳು. ಫ್ರಿಜ್ಜಿನ ತಳದಲ್ಲಿ ಒಂದು ಕ್ಯಾರೆಟ್ ಉಳಿದಿತ್ತು. ಬಾಡಿದ ತುದಿ ಕತ್ತರಿಸಿ ಎಸೆದಳು. ಗಂಡನ ಮಣೆ ತೆಗೆದಳು. ಟಕ, ಟಕ. ನಿಂತಳು. ಮತ್ತೆ ಟಕ, ಟಕ, ಟಕ. ಮನೆಯೊಡತಿ ಗೋಡೆಗೆ ಒರಗಿಕೊಂಡು ಮುಗಿಯುವ ತನಕ ಕೇಳಿಸಿಕೊಂಡರು. ಆಮೇಲೆ ಖಾಲಿ ಬಟ್ಟಲು ಎತ್ತಿಕೊಂಡು ಹೊರಟರು.

"ನಿಲ್ಲಿ ಆಂಟಿ."

ಸ್ಟೂಲು ಹತ್ತಿ, ಅಟ್ಟದಿಂದ ಇಲಿಬೋನು ಇಳಿಸಿದಳು.

"ನಿಮ್ಮ ಹತ್ರ ಇಸ್ಕೊಂಡು ಬಂದಿದ್ರು. ಎರಡೇ ದಿನಕ್ಕೆ ಅಂತ."

"ಹೌದಲ್ಲ! ಅದರಲ್ಲಿ ಬಿದ್ದಿದ್ದೇ ತಾನೇ ಇವುಗಳ ತಾಯಿ? ಹಿಡಿಯೋಕೆ ಕೊಟ್ಟರೆ, ಬಾಣಂತನ ಮಾಡಿ ಕೂತ." ಮನೆಯೊಡತಿ ಬೋನನ್ನು ಇತ್ತ ತಿರುಗಿಸಿದರು, ಅತ್ತ ತಿರುಗಿಸಿದರು. "ಇದರ ಬಾಗಿಲೆಲ್ಲೇ?"

ಅವಳು ಬಟ್ಟೆ ಸುತ್ತಿದ ಬೆರಳಿನಿಂದ ಗೂಡಿನ ಕಡೆ ತೋರಿಸಿದಳು. ಕ್ಯಾರೆಟ್ಟಿನ ವಾಸನೆ ಹಿಡಿದು, ಸಾಹೇಬ ಮುಂದೆ, ಗುಮಾಸ್ತ ಹಿಂದೆ, ಏಣಿಯಾಗಿದ್ದ ಆ ಬಾಗಿಲ ಮೇಲೆಯೇ ಒಂದೊಂದೇ ತಂತಿ ಹಿಡಿದು ಇಳಿದು ಬರುತ್ತಿದ್ದರು.