ಸೀಲು ಒಡೆಯದ ಡಬ್ಬಿ

ಆಯುಧಪೂಜೆಯ ದಿನ ಅವಳು ಬೈಕಿಗೆ, ಮಿಕ್ಸಿಗೆ ಕುಂಕುಮವಿಟ್ಟು, ಒಳ್ಳೆಯ ಬೆಲೆ ಬರಲೆಂದು ಗಂಡನ ಹಳೇ ವಿಡಿಯೊ ಗೇಮಿನ ಡಬ್ಬಿಗೂ ಇಟ್ಟಳು. ಮೂವತ್ತು ವರ್ಷ ಸೀಲು ಒಡೆಯದ ಡಬ್ಬಿ. ಅದಕ್ಕೇ ಹಳೇ ಆಟ ಸಂಗ್ರಹಿಸುವವನೊಬ್ಬ ಎರಡು ಲಕ್ಷ ಕೊಡಲು ಒಪ್ಪಿದ್ದ. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಿದ್ದ ಗಂಡ. ಹೆದರಿ ಕುಂಕುಮ ಒರೆಸಲು ಹೋದರೆ ಮೇಲಿನ ಪ್ಲಾಸ್ಟಿಕ್ಕೇ ಹರಿಯಿತು. ಕೊಳ್ಳುವವನು ಆಗಲೇ ಬಂದು ಕೂತಿದ್ದ.

"ರೀ, ಹೊಡೀಬೇಡಿ. ಸೀಲು ಹರಿದೋಯ್ತು," ಎಂದಳು ಡಬ್ಬಿ ಹಿಡಿದು ಬಂದು.

ಗಂಡನ ಮುಖ ಬಿಳಿಚಿಕೊಂಡಿತು. "ಒಳಗೆ ನೋಡಿದ್ಯಾ?"

"ಇಲ್ಲ ರೀ, ದೇವರಾಣೆ."

"ಬೀರುವಲ್ಲಿಟ್ಟು ಬೀಗ ಹಾಕು! ನಾನಿದನ್ನ ಮಾರಲ್ಲ."

"ಹರಿದ್ರೆ ಹರೀಲಿ ಬಿಡಿ ಸಾರ್, ಅರ್ಧ ಬೆಲೆಗೆ ಕೊಡಿ," ಎಂದು ಬಂದವನು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳಕ್ಕೆ ಕೈ ಹಾಕಿದ.

"ಬೇಡ! ತೆಗೀಬೇಡಿ!" ಗಂಡ ಕಿರುಚಿದ.

ಡಬ್ಬಿಯಿಂದ ಬಟ್ಟೆ ಸೋಪಿನ ತುಂಡೊಂದು ನೆಲಕ್ಕೆ ಬಿತ್ತು.