ಕುರ್ಚಿಯಲ್ಲಿ ಕೂತವರು

“ಕಾಲು ಬಿಚ್ಚಿ ಕೊಡಿ,” ಎಂದಳು ಬಿಳಿ ಕೋಟಿನ ಹುಡುಗಿ.

ಕ್ಷೌರಿಕ ಪ್ಯಾಂಟಿನ ಅಂಚಿಗೆ ಕೈ ಹಾಕುವಷ್ಟರಲ್ಲಿ ಅವನ ಅಕ್ಕ ಮಣಿಕಟ್ಟು ಹಿಡಿದಳು. “ಯಾಕೆ? ಎಲ್ಲಿಗೆ ತಗೊಂಡು ಹೋಗ್ತೀಯಮ್ಮ?”

“ಒಳಗೆ, ವರ್ಕ್‌ಶಾಪಿಗೆ. ನಿನ್ನೆ ಅಳತೆ ತಗೊಂಡ್ವಲ್ಲ, ಮೊಂಡುಗಾಲು ಕೂರೋ ಹೊಸ ಬಟ್ಟಲು ತಯಾರಾಗಿದೆ. ಹಳೇ ಪಾದ ಗಟ್ಟಿಯಾಗಿದೆ, ಅದನ್ನೇ ಇದಕ್ಕೆ ಕೂರಿಸ್ತೀವಿ. ಸಂಜೆಗೆ ಕೊಡ್ತೀನಿ.”

“ಸಂಜೆವರೆಗೂ ಇವನು ಕೊಕ್ಕರೆ ಥರ ಒಂಟಿಕಾಲಲ್ಲಿರಬೇಕಾ? ಕಾಲು ನಿಮ್ಮ ಕೈಗೆ ಕೊಟ್ಟಮೇಲೆ ನೀವು ಕುಣಿಸಿದ ಹಾಗೆ ಕುಣೀಬೇಕು. ಓಡಿ ಹೋಗೋಕೂ ಆಗಲ್ಲ.”

ಅವಳ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೊಬ್ಬ ದಲ್ಲಾಳಿ ಕಾಲು ಕೊಡಿಸುತ್ತೇನೆಂದು ಮುಂಗಡ ತೆಗೆದುಕೊಂಡು ಮಾಯವಾಗಿದ್ದ. ಈ ಸಲವಂತೂ ಇವರು ಯಾರನ್ನೂ ಕೇಳಿರಲಿಲ್ಲ. ಈ ಕೃತಕ ಕಾಲಿನ ಕೇಂದ್ರದಿಂದ ತಾನಾಗಿಯೇ ಫೋನು ಬಂದಿತ್ತು: ಹೊಸ ಕಾಲು, ಇಬ್ಬರಿಗೂ ಬಸ್ಸಿನ ಟಿಕೆಟು, ಉಳಿಯಲು ಕೋಣೆ, ಊಟ, ನೀವು ಬಂದರೆ ಸಾಕು. “ಬೆಳ್ಳಗಿರೋದೆಲ್ಲ ಹಾಲಲ್ಲ,” ಎಂದು ಅಕ್ಕ ಬೇಡವೆಂದಿದ್ದಳು. ಆದರೆ ಹಳೆಯ ಕಾಲಿನ ಬಟ್ಟಲು ಸಡಿಲವಾಗಿ, ಒಳಗೆ ತುರುಕಿದ ಬಟ್ಟೆ ಉಜ್ಜಿ ಉಜ್ಜಿ ಮೊಂಡುಗಾಲು ಹುಣ್ಣಾಗಿತ್ತು. ಒಂದು ಗಡ್ಡ ಮುಗಿಸುವಷ್ಟು ಹೊತ್ತೂ ತಮ್ಮ ನಿಲ್ಲಲಾರ. ಅಂಗಡಿಗೆ ಬೀಗ ಬಿದ್ದಿತ್ತು. ಬೇರೆ ದಾರಿಯಿಲ್ಲದೆ ಹೊರಟಿದ್ದರು. ಬಸ್ಸಿನಲ್ಲಿ ಅಕ್ಕ ರೆಪ್ಪೆ ಮುಚ್ಚಲಿಲ್ಲ. ಕೋಣೆ ಸೇರಿದವಳೇ ಬಾಗಿಲಿಗೆ ಮಂಚ ಅಡ್ಡ ಎಳೆದಳು. ಕೊಟ್ಟ ಊಟವನ್ನು ಮೊದಲು ತಾನು ತಿಂದು, ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ತಮ್ಮನಿಗೆ ಬಡಿಸಿದ್ದಳು.

“ಕಾಲು ಬೇಕಾದ್ರೆ ಒಯ್ಯಿ. ನಿನ್ನದೂ ಏನಾದ್ರೂ ಇಲ್ಲಿರಲಿ,” ಎಂದಳು ಅಕ್ಕ.

ಹುಡುಗಿ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ತನ್ನ ಎರಡೂ ಚಪ್ಪಲಿ ಬಿಚ್ಚಿ ಅವಳ ಮುಂದಿಟ್ಟು, ಕ್ಷೌರಿಕ ಬಿಚ್ಚಿಕೊಟ್ಟ ಕಾಲನ್ನು ಕಂಕುಳಲ್ಲಿ ಇರುಕಿಕೊಂಡು ಬರಿಗಾಲಲ್ಲೇ ಒಳಗೆ ಹೋದಳು. ಅಕ್ಕನ ಮುಖ ಕೆಂಪಾಯಿತು. ಆದರೂ ಚಪ್ಪಲಿಗಳನ್ನು ಬೆಂಚಿನ ಕೆಳಗೆ ತಳ್ಳಿ ಕಾವಲು ಕೂತಳು. ಒಳಗಿನಿಂದ ಗರಗಸದ ಸದ್ದು ಬಂತು.

“ಕೊಯ್ತಿದ್ದಾರೆ ಕಣೋ!”

“ಕೊಯ್ಯಲಿ ಬಿಡಕ್ಕ, ನನಗೇನೂ ನೋವಾಗ್ತಿಲ್ಲ,” ಎಂದ ತಮ್ಮ.

ಸಂಜೆ ಹುಡುಗಿ ಕಾಲು ತಂದಳು. ಅಕ್ಕ ಚಪ್ಪಲಿಗಳನ್ನು ಮುಂದೆ ಸರಿಸಿದಳು. ತಮ್ಮ ಎದ್ದು ನಿಂತ. ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದ. ಎಷ್ಟೋ ಕಾಲದಿಂದ ಹಲ್ಲು ಕಚ್ಚಿಕೊಂಡೇ ಇದ್ದ ಅವನ ಮುಖ ಸಡಿಲವಾಯಿತು.

“ಇನ್ಮೇಲೆ ಕುರ್ಚಿಯ ಬೆನ್ನು ಹಿಡ್ಕೊಂಡು ಗಡ್ಡ ಹೆರೆಯೋದು ಬೇಡ,” ಎಂದು ಹುಡುಗಿ ನಕ್ಕಳು.

ಅಕ್ಕ ಸಟ್ಟನೆ ತಲೆಯೆತ್ತಿದಳು. “ಇವನು ಕುರ್ಚಿ ಹಿಡ್ಕೊಳ್ಳೋದು ನಿನಗೆ ಹೇಗೆ ಗೊತ್ತು?”

ಹುಡುಗಿ ನಾಲಿಗೆ ಕಚ್ಚಿಕೊಂಡಳು. ಅಕ್ಕ ಬಿಡುವವಳಲ್ಲ. ಕೊನೆಗೆ ಹುಡುಗಿ, “ನಿಮ್ಮ ನಂಬರ್ ಕೊಟ್ಟು, ಈ ಖರ್ಚೆಲ್ಲ ಕಟ್ಟಿದವರು ನಿಮ್ಮ ಗಿರಾಕಿ. ಹೆಸರು ಹೇಳಬಾರದು ಅಂತ ಮಾತು ತಗೊಂಡಿದ್ದಾರೆ,” ಎಂದಳು.

ವಾಪಸು ಬರುವಾಗ ಅಕ್ಕನದು ಒಂದೇ ರಾಗ. “ಒಳ್ಳೇದು ಮಾಡಿದವನು ಯಾಕೆ ಬಚ್ಚಿಟ್ಕೋತಾನೆ? ಏನೋ ಮಸಲತ್ತಿದೆ. ನಾಳೆ ಬಂದು ಏನಾದ್ರೂ ಕೇಳ್ತಾನೆ, ನೋಡ್ತಿರು.”

ಯಾರೂ ಬರಲಿಲ್ಲ, ಬಂದವರೆಲ್ಲ ಕ್ಷೌರಕ್ಕೇ ಬಂದರು. ಅಕ್ಕ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ಒಬ್ಬೊಬ್ಬರನ್ನೂ ಅಳೆದಳು. ತಮ್ಮನ ಕಾಲು ನೋಡಿದವರ ಮೇಲೆ ಅನುಮಾನ, ನೋಡದವರ ಮೇಲೆ ಇನ್ನೂ ಹೆಚ್ಚು. “ಮೇಷ್ಟ್ರು ಇವತ್ತು ನಕ್ಕರು, ಗಮನಿಸಿದ್ಯಾ?” ಎಂದರೆ, “ಅವರು ದಿನಾ ನಗ್ತಾರಕ್ಕ,” ಎನ್ನುತ್ತಿದ್ದ ತಮ್ಮ. ಕಾಲು ಹೇಗಿದೆ ಎಂದು ಬಾಯಿಮಾತಿಗೆ ಕೇಳಿದ ಔಷಧಿ ಅಂಗಡಿಯವನನ್ನು ಅವಳು ಅಡ್ಡಪ್ರಶ್ನೆ ಹಾಕಿ ಅರೆದುಬಿಟ್ಟಳು. ಪಾಪ, ಅವನು ಅರ್ಧ ಮೀಸೆಯಲ್ಲೇ ಏಳಹೊರಟಿದ್ದ.

ತಮ್ಮನಿಗೂ ಅದೇ ರೋಗ ಅಂಟಿತು. ನೊರೆ ಹಚ್ಚಿದ ಪ್ರತಿ ಮುಖವನ್ನೂ ಕನ್ನಡಿಯಲ್ಲಿ ಕದ್ದು ನೋಡುವನು. ಇವರೇ ಇರಬಹುದಾ? ಮುಂಚೆ ಹರಟೆಮಲ್ಲರ ಕಿವಿ ಹಿಡಿದು ತಲೆ ತಿರುಗಿಸುತ್ತಿದ್ದ. ಈಗ ಯಾರ ಕಿವಿಗೂ ಅವನ ಕೈ ಒರಟಾಗಿ ತಾಗಲಿಲ್ಲ.

ಒಂದು ಬೆಳಿಗ್ಗೆ ಇವರಿಗೆ ಅಂಗಡಿ ಬಾಡಿಗೆಗೆ ಕೊಟ್ಟಿದ್ದ ಮಾಲೀಕ ಬಂದು ಕುರ್ಚಿಯಲ್ಲಿ ಕೂತ. ಮೆಟ್ಟಿಲ ಮೇಲೆ ಒಂದೆಳೆ ಕೂದಲು ಬಿದ್ದರೂ ಬೀದಿ ಕೇಳುವಂತೆ ಕೂಗಾಡುವ ಆಸಾಮಿ. ಮುಖಕ್ಕೆ ನೀರು ತಾಗಿದ್ದೇ ತಡ, “ಮಂಜುಗಡ್ಡೆ ಥರ ಇದೆ! ಇಷ್ಟು ವರ್ಷ ಆದ್ರೂ ಕೆಲಸ ಕಲೀಲಿಲ್ಲ ನೀನು,” ಎಂದು ಗೊಣಗಿ ಕಣ್ಣು ಮುಚ್ಚಿದ.

ಅಕ್ಕ ತಮ್ಮನ ಕಿವಿಯ ಬಳಿ ಬಾಗಿ, “ಇವನಂತೂ ಅಲ್ಲ, ಬಿಡು,” ಎಂದು ಪಿಸುಗುಟ್ಟಿದಳು.

ತಮ್ಮ ನೊರೆ ಹಚ್ಚಿ ಮುಗಿಸಿದ. ಮಾಲೀಕನ ಕತ್ತಿನ ಮೇಲೆ ಕತ್ತಿಯಿಟ್ಟು, ಉಸಿರು ಬಿಗಿಹಿಡಿದು, ಹಸುಗೂಸಿನ ಕೆನ್ನೆಯೇನೋ ಎಂಬಂತೆ ಮೆಲ್ಲಗೆ ಎಳೆದ.

ಅಕ್ಕ ಆ ಮುಚ್ಚಿದ ಕಣ್ಣುಗಳನ್ನು ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ಎದ್ದು ಹೋಗಿ ನೀರು ಬಿಸಿಗಿಟ್ಟಳು.